ಎಸ್ಟೋನಿಯಾದ ತೂತುಗಳು

ಅಂದಿನ ತಾಪತ್ರಯಕ್ಕೆಲ್ಲ ಕಾರಣವಾದದ್ದು ಒಂದು ಜಿಪ್ಪು. ಯಾದಗಿರಿಯಿಂದ ಹೊರಟ ಬಸ್ಸು ನಡುದಾರಿಯ ಒಂದು ಸ್ಟಾಪಿನಲ್ಲಿ ನಿಂತಾಗ, ಇಳಿಯುವ ಆತುರದಲ್ಲಿದ್ದ ಮೆಣಸಿನಕಾಯಿ ವ್ಯಾಪಾರಿಯೊಬ್ಬ ಆಯತಪ್ಪಿ ಚೀಲದ ಸಮೇತ ಅಂಬ್ರಪ್ಪನ ತೊಡೆಯ ಮೇಲೆ ಕುಳಿತುಬಿಟ್ಟ. ಆ ತೊಡೆಯ ಮೇಲೆ ಅದಾಗಲೇ ಒಂದು ದೊಡ್ಡ ಕರಿಯ ಬ್ಯಾಗು ಕುಳಿತಿತ್ತು. ವ್ಯಾಪಾರಿ ಎದ್ದ, ಚೀಲವೂ ಎದ್ದಿತು. ಬ್ಯಾಗಿನ ಜಿಪ್ಪು ಮಾತ್ರ ಈ ತುದಿಯಿಂದ ಆ ತುದಿಯವರೆಗೆ ಹಲ್ಲು ಕಿರಿದುಕೊಂಡಿತು. ಒಳಗಿನಿಂದ ಕೆಸರು ಬಣ್ಣದ ಒಂದು ತೋಳು ಹೊರಗೆ ಜೋತುಬಿದ್ದಿತು.

ಅಂಬ್ರಪ್ಪ ಅದನ್ನು ಒಳಗೆ ತುರುಕಿ, ಭೀಮರಾಯನಗುಡಿ ಬರುವವರೆಗೂ ಎರಡೂ ಕೈಯಿಂದ ಬ್ಯಾಗನ್ನು ತಬ್ಬಿಕೊಂಡು ಕುಳಿತ. ಯಾರ ಮುಂದೆಯೂ ಆ ಬ್ಯಾಗಿನ ವಿಷಯದಲ್ಲಿ ತಪ್ಪಿತಸ್ಥನಾಗುವುದು ಅವನಿಗೆ ಬೇಕಿರಲಿಲ್ಲ. ಅಲ್ಲಿನ ಹತ್ತಿ ಮಾಹಿತಿ ಕೇಂದ್ರದಲ್ಲಿ ಅವನು ಹನ್ನೊಂದು ವರ್ಷದಿಂದ ದಿನಗೂಲಿ ನೌಕರ. ಅವನನ್ನು ಕಾಯಂ ಮಾಡುವ ಕಡತ ಕೇಂದ್ರದ ಮುಖ್ಯಸ್ಥ ಚಂದ್ರಾಮಪ್ಪನವರ ಮೇಜಿನ ಮೇಲೆ ಎಂಟು ತಿಂಗಳಿಂದ ಮಲಗಿತ್ತು. ಬ್ಯಾಗು ಚಂದ್ರಾಮಪ್ಪನವರ ಅತಿಥಿಯದು.

ಅತಿಥಿ ಬೆಳಗಿನ ಗಾಡಿಗೆ ಯಾದಗಿರಿಯಲ್ಲಿ ಇಳಿದಿದ್ದಳು. ಎತ್ತರದ ಹೆಂಗಸು, ಹತ್ತಿಯಂಥ ಬಿಳಿಯ ಕೂದಲು, ಹಳೆಯ ಕಂಬಳಿಯಿಂದ ಹೊಲಿದಂತಿದ್ದ ಕೋಟು.

"ಅಂಬ್ರಪ್ಪ, ಇವರು ಕಾದ್ರಿ ಮೇಡಂ. ಎಸ್ಟೋನಿಯಾ ದೇಶದವರು. ಬಟ್ಟಿ ಡಿಜೈನ್ ಮಾಡ್ತಾರ," ಎಂದರು ಚಂದ್ರಾಮಪ್ಪ. "ನಾವು ಹಿಂಗೇ ಸುರಪುರ ಕಡಿ ಹತ್ತಿ ಹೊಲ ನೋಡಾಕ ಹೊಂಟೀವಿ. ಈ ಬ್ಯಾಗು ನಿನ್ನ ಜಿಮ್ಮೇದಾರಿ. ಕಚೇರ್‍ಯಾಗ ಇಡಬ್ಯಾಡ, ಹತ್ತಿಕಾಳಿಗೆ ಇಲಿ ಬಿದ್ದಾವ, ತೂತು ಮಾಡಿಟ್ಟಾವು. ನಿನ್ನ ಮನ್ಯಾಗಿಟ್ಟುಕೊ. ಸಂಜಿ ಐದಕ್ಕ ಮೀಟಿಂಗ್ ಹಾಲಿಗೆ ತಗೊಂಡು ಬಾ. ಕ್ಯಾಂಪಿನ ಹೆಣ್ಣುಮಕ್ಕಳಿಗೂ ಬರಾಕ ಹೇಳು, ಕಾರ್ಯಕ್ರಮ ಅದ."

"ಒಂದು ತೂತೂ ಬೀಳಂಗಿಲ್ಲ ಸರ್," ಎಂದ ಅಂಬ್ರಪ್ಪ.

ಏನು ಕಾರ್ಯಕ್ರಮ ಎಂದು ಅವನು ಕೇಳಲಿಲ್ಲ. ಕೇಳಿದರೆ ಕೆಲಸ ಹೆಚ್ಚುತ್ತದೆ ಎಂಬುದನ್ನು ಹನ್ನೊಂದು ವರ್ಷದಲ್ಲಿ ಕಲಿತಿದ್ದ.

ಅಂಬ್ರಪ್ಪನ ಮನೆ ನೀರಾವರಿ ಕ್ಯಾಂಪಿನ ಹಳೆಯ ಕ್ವಾರ್ಟರ್ಸಿನ ಸಾಲಿನಲ್ಲಿತ್ತು. ಅಣೆಕಟ್ಟಿನ ಕೆಲಸ ನಡೆದ ಕಾಲದಲ್ಲಿ ಕಟ್ಟಿದ ತಗಡಿನ ಮನೆಗಳು, ಹಿಂದೆಯೇ ಕಾಲುವೆ. ಅವನು ಬ್ಯಾಗನ್ನು ಹೆಂಡತಿ ದೇವಕಮ್ಮನ ಕೈಗೆ ಕೊಟ್ಟು, "ಸರಕಾರಿ ಮಾಲು. ದೇಶದಾಚಿಂದ ಬಂದಾದ. ಜ್ವಾಕಿ," ಎಂದು ಹೇಳಿ ಕಚೇರಿಗೆ ಹೊರಟ.

"ಯಾವ ದೇಶ?"

"ಎಸ್ಟೋನಿಯಾ."

"ಎಷ್ಟೋ ಏನು?"

"ಎಷ್ಟೋ ದೇಶ ಇರ್ತಾವ, ಅದರಾಗ ಇದೂ ಒಂದು ಅನಕೊ."

ಕ್ಯಾಂಪಿನಲ್ಲಿ ದೇವಕಮ್ಮನಷ್ಟು ಚಂದ ಕೌದಿ ಹೊಲಿಯುವವರು ಇರಲಿಲ್ಲ. ಬಿಚ್ಚಿದ ಜಿಪ್ಪು ನೋಡಿ ಅವಳಿಗೆ ಮನಸ್ಸು ತಡೆಯಲಿಲ್ಲ. ಸೂಜಿ ತಂದಳು. ಜಿಪ್ಪು ಹೊಲಿಯಬೇಕಾದರೆ ಒಳಗಿನ ಬಟ್ಟೆ ತೆಗೆಯಬೇಕು. ಐದು ಅಂಗಿ ಹೊರಬಂದವು. ಅವನ್ನು ಅಂಗಳದ ಹಗ್ಗದ ಮೇಲೆ ಸಾಲಾಗಿ ಹರವಿ ದೇವಕಮ್ಮ ಒಂದೊಂದನ್ನೇ ನೋಡಿದಳು.

ಒಂದಕ್ಕೆ ಎಡತೋಳೇ ಇರಲಿಲ್ಲ. ಇನ್ನೊಂದರ ಬೆನ್ನಿನಲ್ಲಿ ಮೂರು ತೂತು, ಕುಂಬಳಕಾಯಿ ತೂರುವಷ್ಟು ದೊಡ್ಡವು. ಮೂರನೆಯದರ ಅಂಚಿನಿಂದ ನೂಲುಗಳು ಆಲದ ಬಿಳಲಿನಂತೆ ಇಳಿದಿದ್ದವು. ನಾಲ್ಕನೆಯದು ಪಾದದವರೆಗಿನ ನಿಲುವಂಗಿ, ಮೊಣಕಾಲಿನಿಂದ ಕೆಳಗೆ ಸೀಳಿ ಹೋಗಿತ್ತು. ಐದನೆಯದು ಒಂದು ನೀಲಿ ಅಂಗಿ, ಹೆಗಲ ಮೇಲೆ ಹರಿದಿತ್ತು.

ಪಕ್ಕದ ಮನೆಯ ಮಲ್ಲಾಬಾಯಿ ಗೋಡೆಯ ಮೇಲಿಂದ ಇಣುಕಿದಳು. ಅವಳ ಗಂಡ ಅಯ್ಯಣ್ಣ ಕಾಲುವೆಯ ಗೇಟು ಕಾಯುವವನು. ಗಂಡ ಕಾಲುವೆಗೆ ಬರುವ ನೀರನ್ನೆಲ್ಲ ನೋಡುವಂತೆ, ಹೆಂಡತಿ ಸಾಲಿನೊಳಗೆ ಬರುವ ಸುದ್ದಿಯನ್ನೆಲ್ಲ ನೋಡುತ್ತಿದ್ದಳು.

"ಯಾರ ಬಟ್ಟಿ ದೇವಕಮ್ಮ?"

"ದೇಶದಾಚಿಂದ ಒಬ್ಬಾಕಿ ಬಂದಾಳಂತ. ಆಕಿವು."

ಮಲ್ಲಾಬಾಯಿ ಗೋಡೆ ಸುತ್ತಿ ಬಂದು ಒಂದೊಂದನ್ನೂ ಮುಟ್ಟಿ ನೋಡಿದಳು. "ಪಾಪ," ಎಂದಳು. "ಅಲ್ಲಿ ಏನು ಕಷ್ಟ ಅದನೋ ಏನೋ. ಹೆಣ್ಣುಮಗಳು ಹಿಂಗ ಹರಕ ಹಾಕ್ಕೊಂಡು ದೇಶಾಂತರ ಬಂದಾಳ ಅಂದ್ರ."

ಎದುರು ಮನೆಯ ಮುದುಕಿ ತಿಮ್ಮವ್ವನೂ ಬಂದಳು. ತಿಮ್ಮವ್ವನಿಗೆ ಕಣ್ಣು ಮಂದ, ಮೂಗು ಚುರುಕು. ಬೆನ್ನಿಗೆ ತೂತಿದ್ದ ಅಂಗಿಯನ್ನು ಮೂಸಿ, "ಕೆಸರ ವಾಸನಿ ಬರಾಕತ್ತಾದ. ಒಗದು ಎಷ್ಟು ದಿನ ಆತೋ," ಎಂದಳು.

ಊರಿಗೆ ಬಂದ ಹೆಣ್ಣುಮಗಳನ್ನು ಹರಕು ಬಟ್ಟೆಯಲ್ಲಿ ಕಳಿಸಿದರೆ ಕ್ಯಾಂಪಿನ ಮರ್ಯಾದೆ ಏನಾಯಿತು ಎಂದು ಮೂವರಿಗೂ ಅನ್ನಿಸಿತು. ಮಲ್ಲಾಬಾಯಿ ನೀಲಿ ಅಂಗಿಯನ್ನು ಮನೆಗೆ ಒಯ್ದಳು. ಉಳಿದ ನಾಲ್ಕಕ್ಕೂ ದೇವಕಮ್ಮನೇ ಕುಳಿತಳು. ತೂತುಗಳಿಗೂ ಸೀಳಿಗೂ ಕೆಂಪು ಇಳಕಲ್ ಸೀರೆಯ ತುಂಡು ಇಟ್ಟು, ಸುತ್ತ ಜೋಳದ ಕಾಳಿನಂಥ ಸಣ್ಣ ಹೊಲಿಗೆ ಹಾಕಿದಳು. ಜೋತುಬಿದ್ದ ನೂಲುಗಳನ್ನೆಲ್ಲ ಕತ್ತರಿಸಿ ಅಂಚು ಮಡಿಚಿದಳು. ತೋಳಿಲ್ಲದ ಅಂಗಿಗೆ ತನ್ನ ಹಸಿರು ಕುಪ್ಪಸದ ತೋಳು ಕೂಡಿಸಿ, ಅದನ್ನು ಮಿಷಿನ್ನಿನಲ್ಲಿ ಗಟ್ಟಿ ಮಾಡಲು ಟೇಲರ್ ಲಾಡ್ಲೇಸಾಬನಿಗೆ ಹೇಳಿಕಳಿಸಿದಳು. ಬೆನ್ನಿನ ತೂತು ಮುಚ್ಚಿದ ಅಂಗಿಯನ್ನು ತಿಮ್ಮವ್ವ ಸಾಬೂನಿನೊಂದಿಗೆ ಕಾಲುವೆಗೆ ಒಯ್ದಳು.

ಮಧ್ಯಾಹ್ನ ಊಟಕ್ಕೆ ಬಂದ ಅಂಬ್ರಪ್ಪನಿಗೆ ಮೊದಲು ಸಂತೋಷವೇ ಆಯಿತು. ಬ್ಯಾಗಿನ ಜಿಪ್ಪು ಹೊಸದರಂತೆ ಓಡುತ್ತಿತ್ತು. ಒಳಗಿನ ಮಾಲೂ ಬಂದಾಗಿನಕ್ಕಿಂತ ಸುಧಾರಿಸಿತ್ತು. ಸಾಹೇಬರು ಮೆಚ್ಚುತ್ತಾರೆ, ಕಡತ ಎದ್ದು ಕೂರುತ್ತದೆ ಎಂದುಕೊಂಡು ಎರಡು ರೊಟ್ಟಿ ಹೆಚ್ಚು ತಿಂದ.

ಇನ್ನೂ ಒಂದು ರೊಟ್ಟಿಗೆ ಕೈಹಾಕುವ ಹೊತ್ತಿಗೆ ಲಾಡ್ಲೇಸಾಬ ಬಂದ. ನಲವತ್ತು ವರ್ಷದಿಂದ ಹೊಲಿಯುತ್ತಿದ್ದವನು. ಹಸಿರು ತೋಳಿನ ಅಂಗಿಯನ್ನು ತಿರುಗಿಸಿ ಮುರುಗಿಸಿ ನೋಡಿದ.

"ಇದು ಹರಕ ಅಲ್ಲ," ಎಂದ.

"ಮತ್ತ?"

"ಈ ತೋಳಿನ ಕಂಡಿ ನೋಡು. ಒಳಗ ಮಿಷಿನ್ ಪಟ್ಟಿ ಹೊಡದಾರ. ಹರದಿದ್ರ ಪಟ್ಟಿ ಯಾಕ ಹೊಡೀತಾರ? ತೋಳು ಬ್ಯಾಡ ಅಂತನೇ ಬಿಟ್ಟಾರ. ಆ ಮೇಡಂ ಹೆಸರೇನಂದಿ?"

"ಕಾದ್ರಿ."

"ಖಾದ್ರಿ? ನಮ್ಮ ಕಡಿ ಖಾದ್ರಿ ಅಂದ್ರ ದೊಡ್ಡ ಮನೆತನ," ಎಂದು ಗೌರವದಿಂದ ಹೇಳಿ ಲಾಡ್ಲೇಸಾಬ ಮೊಬೈಲು ತೆಗೆದು ಹುಡುಕಿದ.

ಮೊಬೈಲಿನಲ್ಲಿ ಟಾಲಿನ್ ಎಂಬ ಊರು ಬಂತು. ಹೊರಗೆ ಹಿಮ. ಒಳಗೆ, ಮುಚ್ಚಿಹೋದ ಯಾವುದೋ ಗಿರಣಿಯಲ್ಲಿ ದೀಪ ಹಾಕಿದ್ದರು. ಎರಡೂ ಬದಿಗೆ ಕರಿಯ ಬಟ್ಟೆ ತೊಟ್ಟ ಜನ, ಹೆಣ ಮಣ್ಣು ಮಾಡಲು ಬಂದವರಂತೆ ಕುಳಿತಿದ್ದರು. ನಡುವೆ ಹುಡುಗಿಯರು ದವಾಖಾನೆಗೆ ಹೊರಟ ಮುಖ ಮಾಡಿಕೊಂಡು ಒಬ್ಬೊಬ್ಬರಾಗಿ ನಡೆದುಬರುತ್ತಿದ್ದರು. ಒಬ್ಬಳ ಕೋಟು ಸಿಪಾಯಿಗಳ ಹಳೆಯ ಕಂಬಳಿಯದು. ಇನ್ನೊಬ್ಬಳ ಲಂಗ ಅಜ್ಜಿಯರ ಪಟ್ಟೆಪಟ್ಟೆ ಲಂಗಗಳ ಚೂರುಗಳಿಂದ ಜೋಡಿಸಿದ್ದು. ಮೂರನೆಯವಳ ಅಂಗಿಗೆ ಒಂದೇ ತೋಳು. ನಾಲ್ಕನೆಯವಳ ಬೆನ್ನಿನಲ್ಲಿ ಮೂರು ತೂತು. ಜನ ನಗದೆ ಚಪ್ಪಾಳೆ ತಟ್ಟಿದರು. ಕೊನೆಗೆ ಹತ್ತಿಯಂಥ ಕೂದಲಿನ ಹೆಂಗಸೊಬ್ಬಳು ಬಂದು ತಲೆಬಾಗಿದಳು.

"ಅವರೇ," ಎಂದ ಅಂಬ್ರಪ್ಪ. ರೊಟ್ಟಿ ಕೈಯಲ್ಲೇ ಉಳಿಯಿತು.

ಲಾಡ್ಲೇಸಾಬ ಕೆಳಗಿನ ಇಂಗ್ಲಿಷನ್ನು ಕೂಡಿಸಿ ಓದಿದ. "ಗಿರಣ್ಯಾಗ ಉಳದ ಚಿಂದಿಯಿಂದ ಮಾಡ್ತಾರಂತ. ಬಣ್ಣಕ್ಕ ಜೌಗು ಮಣ್ಣಿನಾಗ ಹುಗದಿಡ್ತಾರಂತ. ಇಲ್ಲಿ ನೋಡು, ತೂತಿಗೂ ಹೆಸರಿಟ್ಟಾರ. ಗಾಯ ಒಂದು, ಗಾಯ ಎರಡು, ಗಾಯ ಮೂರು." ಅವನ ದನಿಯಲ್ಲಿ ಮತ್ಸರವಿರಲಿಲ್ಲ, ಆಯಾಸವಿತ್ತು. "ನಲವತ್ತು ವರ್ಷ ಮಂದಿ ನನ್ನ ಕಡಿ ತೂತು ಮುಚ್ಚಸಾಕ ಬಂದಾರ. ತೂತು ಮಾಡಿಕೊಡು ಅಂತ ಒಬ್ಬರೂ ಬಂದಿಲ್ಲ."

ಆಗಲೇ ಅಂಬ್ರಪ್ಪನ ಫೋನು ರಿಂಗಾಯಿತು. ಚಂದ್ರಾಮಪ್ಪನವರು.

"ಮೇಡಂ ಕೇಳಾಕತ್ತಾರ. ಬಟ್ಟಿ ಹ್ಯಾಂಗಿದ್ದುವೋ ಹಂಗ ಅವ ಇಲ್ಲ?"

ಅಂಬ್ರಪ್ಪ ಹಗ್ಗದ ಮೇಲಿನ ಕೆಂಪು ಇಳಕಲ್ಲನ್ನು ನೋಡಿದ. "ಹಂಗೇ ಅವ್ರಿ ಸರ್," ಎಂದ.

"ಪಕ್ಕಾ?"

"ಪಕ್ಕಾರಿ."

ಫೋನು ಇಟ್ಟಾಗ ಗಂಟೆ ಎರಡಾಗಿತ್ತು. ಐದಕ್ಕೆ ಮೂರು ಗಂಟೆ ಬಾಕಿ.

"ಬಿಚ್ಚು," ಎಂದ ಹೆಂಡತಿಗೆ.

"ಏನು?"

"ಎಲ್ಲಾ ಹೊಲಗಿ ಬಿಚ್ಚು. ತೂತು ಎಲ್ಲೆಲ್ಲಿದ್ದುವೋ ಅಲ್ಲಲ್ಲೇ ಇರಬೇಕು."

ದೇವಕಮ್ಮ ತನ್ನ ಬೆರಳುಗಳನ್ನು ನೋಡಿಕೊಂಡಳು. ಬೆಳಗಿನಿಂದ ಸೂಜಿ ಚುಚ್ಚಿ ತುದಿಗಳು ಕೆಂಪಾಗಿದ್ದವು. "ಇಂಥ ಹೊಲಗಿ ನಾನು ನನ್ನ ಮಗಳ ತೊಟ್ಟಲಕೌದಿಗೂ ಹಾಕಿದ್ದಿಲ್ಲ," ಎಂದಳು. ಅಂಬ್ರಪ್ಪ ಕಾಯಂ ಕಡತದ ಹೆಸರೆತ್ತಿದ. ಅವಳು ಎದ್ದು ಕತ್ತರಿ ತಂದಳು.

ಮಲ್ಲಾಬಾಯಿಯನ್ನು ಕೇಳಲು ಅವನು ಗೋಡೆಯ ಬಳಿ ಹೋದ.

"ಹೊಲದದ್ದು ಬಿಚ್ಚೋ ಪದ್ಧತಿ ನಮ್ಮ ಮನ್ಯಾಗಿಲ್ಲ," ಎಂದಳು ಮಲ್ಲಾಬಾಯಿ.

"ಅವ್ವಾ, ನನ್ನ ನೌಕರಿ ಹೋಗ್ತದ."

"ಇನ್ನಾ ಕಾಯಂ ಆಗಿಲ್ಲಲ್ಲ, ಹೋಗಾಕ ಏನದ?" ಎಂದವಳು, ಅವನ ಮುಖ ನೋಡಿ ಸ್ವಲ್ಪ ಮೆತ್ತಗಾದಳು. "ಆತು ಹೋಗು. ನಾಲ್ಕಕ್ಕ ಕೊಡ್ತೀನಿ. ತಲಿಮ್ಯಾಲ ನಿಂದ್ರಬ್ಯಾಡ."

ನಾಲ್ಕು ಅಂಗಿಗಳ ಲೆಕ್ಕ ಹಿಡಿದಾಗ ಮೂರೇ ಸಿಕ್ಕವು. ತಿಮ್ಮವ್ವ ಇನ್ನೂ ಕಾಲುವೆಯಿಂದ ಬಂದಿರಲಿಲ್ಲ. ಅಂಬ್ರಪ್ಪ ಓಡಿದ.

ತಿಮ್ಮವ್ವ ಮೆಟ್ಟಿಲ ಮೇಲೆ ಬರಿಗೈಲಿ ಕುಳಿತಿದ್ದಳು. "ಬಣ್ಣ ಭಾಳ ಬಿಡ್ತು ನೋಡಪಾ," ಎಂದಳು. "ಆಮ್ಯಾಲ ಅಂಗೀನೂ ಬಿಡ್ತು."

ಅಂಗಿ ಕಾಲುವೆಯ ನಡುವೆ ತೋಳು ಚಾಚಿಕೊಂಡು, ನೀರುಬಿಟ್ಟ ದಿನ ಹೊಲ ನೋಡಲು ಹೊರಟ ಗೌಡನಂತೆ ನಿಧಾನವಾಗಿ ತೇಲಿಹೋಗುತ್ತಿತ್ತು. ಅಂಬ್ರಪ್ಪ ದಂಡೆಯ ಮೇಲೆ ಅದರ ಜೊತೆಗೇ ಓಡಿದ. ಭತ್ತದ ಗದ್ದೆಯಲ್ಲಿದ್ದವರು ಸೊಂಟ ನೆಟ್ಟಗೆ ಮಾಡಿ ನೋಡಿದರು. ಯಾರೋ ನೀರಿಗೆ ಬಿದ್ದಿದ್ದಾರೆಂದು ತಿಳಿದ ಇಬ್ಬರು ಕಳೆ ಕೀಳುವುದು ಬಿಟ್ಟು ತಾವೂ ಓಡಿದರು. ಅರ್ಧ ಮೈಲಿ ದಾಟುವಷ್ಟರಲ್ಲಿ ಅಂಬ್ರಪ್ಪನ ಹಿಂದೆ ಒಂಬತ್ತು ಜನರಿದ್ದರು, ಅವರಲ್ಲಿ ಒಬ್ಬ ಅಳುತ್ತಿದ್ದ.

ಗೇಟಿನ ಕಟ್ಟೆಯ ಮೇಲೆ ಮಲ್ಲಾಬಾಯಿಯ ಗಂಡ ಅಯ್ಯಣ್ಣ ಹೆಗಲಿಗೆ ಟವೆಲು ಹಾಕಿಕೊಂಡು ಕುಳಿತಿದ್ದ. ಕಸ ಎಳೆಯುವ ಗಳದಿಂದ ಅಂಗಿಯನ್ನು ಎತ್ತಿ, ನೀರು ಹಿಂಡಿ, "ಇದರಾಗ ಮನಷಾ ಇಲ್ಲ," ಎಂದು ಜನರಿಗೆ ತಿಳಿಸಿದ. ಜನ ನಿರಾಶೆಯಿಂದ ತಿರುಗಿಹೋದರು.

ಸಾಬೂನಿಗೆ ಅಂಗಿಯ ಬಣ್ಣವೆಲ್ಲ ಹೋಗಿ, ಅದು ಹಾಲಿನಂತೆ ಬೆಳ್ಳಗಾಗಿತ್ತು. ಅಂಬ್ರಪ್ಪ ಅದನ್ನು ಹಿಡಿದು ಕಟ್ಟೆಯ ಮೇಲೆ ಕುಸಿದ.

"ಯಾವ ಬಣ್ಣ ಇತ್ತು?" ಎಂದು ಅಯ್ಯಣ್ಣ ಕೇಳಿದ.

"ಕೆಸರ ಬಣ್ಣ."

"ಅದಕ್ಯಾಕ ಚಿಂತಿ," ಎಂದ ಅಯ್ಯಣ್ಣ. ಕಾಲುವೆಯ ಪಕ್ಕದ ಹತ್ತಿ ಹೊಲದಲ್ಲಿ ಎರೆಮಣ್ಣಿಗೇನು ಕೊರತೆ. ಇಬ್ಬರೂ ಅಂಗಿಯನ್ನು ಕೆಸರಿನಲ್ಲಿ ಹುಗಿದು, ಮೇಲೆ ನಿಂತು ತುಳಿದು, ತೆಗೆದು ಝಾಡಿಸಿ, ಬಿಸಿಲಿಗೆ ಕಾದ ಗೇಟಿನ ಕಬ್ಬಿಣದ ಮೇಲೆ ಒಣಗಿಸಿದರು. ಎಸ್ಟೋನಿಯಾದ ಜೌಗಿಗೂ ಭೀಮರಾಯನಗುಡಿಯ ಎರೆಗೂ ಬಣ್ಣದಲ್ಲಿ ಹೆಚ್ಚು ವ್ಯತ್ಯಾಸ ಕಾಣಲಿಲ್ಲ.

ಮನೆಗೆ ಬಂದಾಗ ದೇವಕಮ್ಮ ಕೊನೆಯ ಹೊಲಿಗೆ ಬಿಚ್ಚುತ್ತಿದ್ದಳು. ಪಕ್ಕದಲ್ಲಿ ಲಾಡ್ಲೇಸಾಬ ಕನ್ನಡಕ ಏರಿಸಿಕೊಂಡು, ಬೆಳಿಗ್ಗೆ ಕತ್ತರಿಸಿ ಬಿಸಾಕಿದ್ದ ನೂಲುಗಳನ್ನು ಕಸದ ಬುಟ್ಟಿಯಿಂದ ಆರಿಸಿ ಒಂದೊಂದಾಗಿ ಅಂಚಿಗೆ ಮತ್ತೆ ಪೋಣಿಸುತ್ತಿದ್ದ. "ಎರಡು ನೂಲು ಕಡಿಮಿ ಬಿದ್ದುವು. ನನ್ನವು ಹಾಕೇನಿ. ಯಾರಿಗೂ ಹೇಳಬ್ಯಾಡ," ಎಂದ. ಹಸಿರು ತೋಳು ಅಂಗಳದ ಮೂಲೆಯಲ್ಲಿ ಒಂಟಿಯಾಗಿ ಬಿದ್ದಿತ್ತು. ಕೆಸರಂಗಿಯ ಬೆನ್ನಿನ ಮೂರು ಇಳಕಲ್ ತುಂಡುಗಳನ್ನು ದೇವಕಮ್ಮ ಕಿತ್ತು, ಗಾಯ ಒಂದು, ಎರಡು, ಮೂರನ್ನು ಮೊದಲಿನಂತೆ ತೆರೆದಳು. ನಾಲ್ಕಕ್ಕೆ ಸರಿಯಾಗಿ ಮಲ್ಲಾಬಾಯಿ ಗೋಡೆಯ ಮೇಲಿಂದ ನೀಲಿ ಸುರುಳಿಯೊಂದನ್ನು ಕೊಟ್ಟಳು. ಅಂಬ್ರಪ್ಪ ಹೆಗಲ ಜಾಗಕ್ಕೆ ಬೆರಳು ಹಾಕಿ ನೋಡಿದ. ಬೆರಳು ಆಚೆಗೆ ಬಂತು. ಐದೂ ಅಂಗಿ ಬ್ಯಾಗಿಗೆ ಹೋದವು.

ಐದಕ್ಕೆ ಹಾಲಿನಲ್ಲಿ ಮೂವತ್ತು ಹೆಂಗಸರು ಚಾಪೆಯ ಮೇಲೆ ಕುಳಿತಿದ್ದರು. ಬಾಗಿಲಲ್ಲಿ ಅಯ್ಯಣ್ಣನೂ ನಿಂತಿದ್ದ, ಹೆಗಲ ಮೇಲೆ ಅದೇ ಟವೆಲು. ಕಾದ್ರಿ ಮೇಡಂ ದಿನವಿಡೀ ಹತ್ತಿ ಬಿಡಿಸಿ ಕೈ ಗೀರಿಕೊಂಡು, ಮುಖ ಕೆಂಪಾಗಿ ಬಂದಿದ್ದಳು. ಅಂಬ್ರಪ್ಪ ಬ್ಯಾಗನ್ನು ಮೇಜಿನ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದು ಕೈಕಟ್ಟಿ ನಿಂತ. ಅವಳು ಒಂದೊಂದೇ ಅಂಗಿ ತೆಗೆದು ನೋಡಿದಳು. ತೋಳಿಲ್ಲದ್ದು ಸರಿಯಿತ್ತು. ನೂಲಿನದು ಸರಿಯಿತ್ತು. ಸೀಳಿದ್ದೂ ಸರಿಯಿತ್ತು. ಕೆಸರಿನದನ್ನು ಮೂಸಿದಾಗ ಅಂಬ್ರಪ್ಪ ಉಸಿರು ಹಿಡಿದ. ಅವಳು ಇನ್ನೊಮ್ಮೆ ಮೂಸಿ, ತಲೆಯಾಡಿಸಿ, ಕೆಳಗಿಟ್ಟಳು. ಅಂಬ್ರಪ್ಪ ಉಸಿರು ಬಿಟ್ಟ.

ಆಮೇಲೆ ಅವಳು ಮಾತಾಡಿದಳು, ಚಂದ್ರಾಮಪ್ಪನವರು ಕನ್ನಡಕ್ಕೆ ತಂದರು.

"ಮೇಡಂ ಹೇಳ್ತಾರ, ಅವರ ದೇಶ ಸಣ್ಣದು. ನಮ್ಮ ಯಾದಗಿರಿ ಜಿಲ್ಲಾದಾಗ ಎಷ್ಟು ಮಂದಿ ಅದಾರೋ ಹೆಚ್ಚು ಕಡಿಮಿ ಅಷ್ಟೇ ಮಂದಿ. ಅಲ್ಲಿ ಈಗ ಕೈಲೆ ತೇಪಿ ಹಾಕೋರು ಉಳದಿಲ್ಲ. ಅದಕ ಇವರು ಬಟ್ಟಿ ಅರ್ಧಾ ಅಲ್ಲಿ ಮಾಡ್ತಾರ, ತೂತು ಬಿಟ್ಟು ತರ್ತಾರ. ಉಳದ ಅರ್ಧಾ ನಮ್ಮಂಥ ಊರಿನ ಹೆಣ್ಣುಮಕ್ಕಳು ಮುಚ್ಚಬೇಕು. ಇವತ್ತಿನ ಕಾರ್ಯಕ್ರಮ ಅದೇ. ಸೂಜಿ ದಾರ ತಂದಾರ. ನಿಮಗ ಹ್ಯಾಂಗ ತಿಳೀತದೋ ಹಂಗ ಹೊಲೀರಿ. ಯಾರ ಕೈ ಮೇಡಂಗ ಹಿಡಸ್ತದೋ ಅವರನ್ನ ಟಾಲಿನ್ ಊರಿಗಿ ಕರೀತಾರ. ವಿಮಾನದ ಟಿಕೀಟ್ ಅವರದೇ."

ಹೊಲಿದದ್ದನ್ನು ಬಿಚ್ಚಿಸಿದ ಸುದ್ದಿ ಆಗಲೇ ಕ್ಯಾಂಪಿಗೆಲ್ಲ ಮುಟ್ಟಿತ್ತು. ಇಪ್ಪತ್ತೊಂಬತ್ತು ತಲೆಗಳು ನಿಧಾನವಾಗಿ ಅಂಬ್ರಪ್ಪನತ್ತ ತಿರುಗಿದವು. ಒಂದು ಮಾತ್ರ ತಿರುಗಲಿಲ್ಲ. ದೇವಕಮ್ಮ ತನ್ನ ಬೆರಳುಗಳನ್ನು ನೋಡುತ್ತಿದ್ದಳು.

"ಯಾಕ, ಏನಾತು?" ಎಂದರು ಚಂದ್ರಾಮಪ್ಪ.

"ಹೊಲದಿದ್ದೆರಿ," ಎಂದಳು ದೇವಕಮ್ಮ. "ಮುಂಜಾನಿಯಿಂದ ಹೊಲದಿದ್ದೆ. ಇವರು ಬಿಚ್ಚಂದ್ರು, ಬಿಚ್ಚಿದೆ. ಇವತ್ತು ನನ್ನ ಬೆರಳು ಸೂಜಿ ಹಿಡಿಯಂಗಿಲ್ಲ."

ಚಂದ್ರಾಮಪ್ಪ ಅಂಬ್ರಪ್ಪನನ್ನು ನೋಡಿದರು. ಈ ಮಾತನ್ನು ಅವರು ಇಂಗ್ಲಿಷಿಗೆ ತರಲಿಲ್ಲ.

ಅಷ್ಟರಲ್ಲಿ ಕಾದ್ರಿ ಮೇಡಂ ಐದನೆಯ ಅಂಗಿಯ ಸುರುಳಿ ಬಿಚ್ಚಿದ್ದಳು. ಬಿಚ್ಚಿ ದೀಪಕ್ಕೆ ಹಿಡಿದು ಬಹಳ ಹೊತ್ತು ನೋಡಿದಳು. ನೀಲಿ ಹೌದು. ಆದರೆ ಹೆಗಲು ಬಲೆಯಷ್ಟು ಸವೆದಿತ್ತು, ಬೆನ್ನು ಬಿಸಿಲಿಗೆ ಆಕಾಶದ ಬಣ್ಣಕ್ಕೆ ತಿರುಗಿತ್ತು, ಬಗಲಲ್ಲಿ ಉಪ್ಪಿನ ಬಿಳಿ ಗೆರೆಗಳಿದ್ದವು.

"ಇದು ನನ್ನದಲ್ಲ ಅಂತಾರ," ಎಂದರು ಚಂದ್ರಾಮಪ್ಪ.

ಅಂಬ್ರಪ್ಪ ಮಲ್ಲಾಬಾಯಿಯತ್ತ ನೋಡಿದ.

"ಅದು ನಂದು," ಎಂದ ಬಾಗಿಲಲ್ಲಿದ್ದ ಅಯ್ಯಣ್ಣ. "ಹಗ್ಗದ ಮ್ಯಾಲ ಒಣಗಹಾಕಿದ್ದೆ. ಗೇಟಿನಿಂದ ಬಂದಾಗಿಂದ ಹುಡಕಾಕತ್ತೇನಿ."

ಮಲ್ಲಾಬಾಯಿ ಎದ್ದು ನಿಂತಳು. ಸೆರಗಿನೊಳಗಿಂದ ಇನ್ನೊಂದು ನೀಲಿ ಅಂಗಿ ತೆಗೆದಳು. ಹೆಗಲ ಮೇಲೆ ಹಳದಿ ದಾರದಲ್ಲಿ ಹೊಲಿದ ಒಂದು ದೊಡ್ಡ ತೇಪೆ, ಸುತ್ತ ಓರೆಕೋರೆ ಹೊಲಿಗೆ, ನಡುವೆ ಒಂದು ನವಿಲೋ ಕೋಳಿಯೋ.

"ನನ್ನ ಹೊಲಗಿ ಬಿಚ್ಚಾಕ ಮನಸಾಗಲಿಲ್ಲರಿ," ಎಂದಳು. "ಅಂಬ್ರಪ್ಪಗ ತೂತು ಬೇಕಾಗಿತ್ತು. ನಮ್ಮ ಮನ್ಯಾಗ ತೂತಿಂದೊಂದಿತ್ತು, ಕೊಟ್ಟೆ. ಹರಕಂಗಿಗೆ ಹರಕಂಗಿ, ಅದರಾಗ ಮೋಸ ಏನದ?"

ಕಾದ್ರಿ ಮೇಡಂ ಒಂದು ಕೈಯಲ್ಲಿ ತೇಪೆಯಂಗಿ, ಇನ್ನೊಂದು ಕೈಯಲ್ಲಿ ಅಯ್ಯಣ್ಣನ ಅಂಗಿ ಹಿಡಿದುಕೊಂಡಳು. ಅವಳ ಕಣ್ಣು ತುಂಬಿಕೊಂಡದ್ದನ್ನು ಮುಂದಿನ ಸಾಲಿನವರು ನೋಡಿದರು. ಹೆಗಲ ಮೇಲಿನ ಸವಕಲನ್ನು ಮಾಡಿದವರು ಯಾರು, ಹೇಗೆ ಮಾಡಿದರು ಎಂದು ಕೇಳಿದಳು.

"ಮಾಡಿದ್ದಲ್ರಿ, ಆಗ್ಯಾದ," ಎಂದ ಅಯ್ಯಣ್ಣ. "ಹೆಗಲ ಮ್ಯಾಲ ಗಳಾ ಇಟ್ಟು ಒಂಬತ್ತು ವರ್ಷಾತು."

"ಅಲ್ಲಿ ಮಿಷಿನ್ನಿನಾಗ ಕಲ್ಲು ಹಾಕಿ ದಿನಗಟ್ಟಲೆ ತಿರಗಿಸಿದ್ರೂ ಹಿಂಗ ಬರಂಗಿಲ್ಲಂತ," ಎಂದರು ಚಂದ್ರಾಮಪ್ಪ, ಸ್ವಲ್ಪ ಅಪನಂಬಿಕೆಯಿಂದ. "ಇಬ್ಬರೂ ಬರಬೇಕು ಅಂತಾರ. ಗಂಡ ಹರಿಯಾಕ, ಹೆಂಡತಿ ಹೊಲಿಯಾಕ."

ಹೆಂಗಸರು ಚಪ್ಪಾಳೆ ತಟ್ಟಿದರು. ಇವರು ನಗುತ್ತಲೇ ತಟ್ಟಿದರು.

ಕಾರ್ಯಕ್ರಮ ಮುಗಿದ ಮೇಲೆ ಚಂದ್ರಾಮಪ್ಪ ಅಂಬ್ರಪ್ಪನನ್ನು ಪಕ್ಕಕ್ಕೆ ಕರೆದರು. ಅವನು ಬೈಗುಳಕ್ಕೆ ತಯಾರಾಗಿದ್ದ. ಅವರು ಬೈಯಲಿಲ್ಲ.

"ಇವರಿಬ್ಬರ ಪಾಸ್‌ಪೋರ್ಟ್ ಕೆಲಸ ನಿನ್ನ ಜಿಮ್ಮೇದಾರಿ. ಕಲಬುರಗಿಗೆ ಎಷ್ಟು ಸಲ ಕರೀತಾರೋ ಅಷ್ಟು ಸಲ ನೀನೇ ಕರಕೊಂಡು ಹೋಗು. ಮಲ್ಲಾಬಾಯಿ ನಿನ್ನ ಹೆಸರೇ ಹೇಳ್ಯಾಳ."

"ನನ್ನ ಕಡತ ಸರ್?"

"ಮೊದಲ ಅವರು ಹೋಗಿ ಬರ್ಲಿ."

ಹಾಲಿನ ಕುರ್ಚಿಗಳನ್ನು ಒಳಗೆ ಹಾಕುವಾಗ ಒಂದು ಮೊಳೆ ಅಂಬ್ರಪ್ಪನ ಅಂಗಿಗೆ ಸಿಕ್ಕಿ, ಮೊಣಕೈಯಿಂದ ಬಗಲವರೆಗೆ ಪರ್ರನೆ ಹರಿಯಿತು. ಇದ್ದದ್ದರಲ್ಲಿ ಅದೇ ಅವನ ಒಳ್ಳೆಯ ಅಂಗಿ. ಮನೆಗೆ ಬಂದು ಅದನ್ನು ಕಳಚಿ, ಬಾಗಿಲಲ್ಲಿ ಕುಳಿತು ಅಕ್ಕಿ ಆರಿಸುತ್ತಿದ್ದ ದೇವಕಮ್ಮನ ಮುಂದೆ ಹಿಡಿದ.

ದೇವಕಮ್ಮ ಹರಿದ ಜಾಗವನ್ನು ಒಮ್ಮೆ ನೋಡಿದಳು. ಮತ್ತೆ ಮೊರದತ್ತ ತಿರುಗಿದಳು.

"ಹಂಗೇ ಹಾಕ್ಕೊಳ್ರಿ," ಎಂದಳು. "ಯಾವ ದೇಶದವರಾದ್ರೂ ಬರ್ತಾರ."